ಟ್ರೇಲಿಗೆ ಕೊಟ್ಟ ಟೇಕು

ಭರಮು ಅಂಜುಬುರುಕ. ಇದು ನಾನು ಕಟ್ಟಿದ ಮಾತಲ್ಲ, ಊರಿಗೆ ಊರೇ ಹೇಳುತ್ತಿತ್ತು. ಟ್ರ್ಯಾಕ್ಟರಿಗೆ ಟ್ರೇಲರ್ ಸಿಕ್ಕಿಸಿ ಪಿನ್ನು ಹಾಕಿದ ಮೇಲೆ ಉಳಿದ ಡ್ರೈವರರು ಬೀಡಿ ಹಚ್ಚಿಕೊಂಡು ಹೊರಟುಬಿಡುತ್ತಾರೆ. ಇವನು ಇಳಿದು ಬಂದು ಪಿನ್ನನ್ನು ಅಲುಗಾಡಿಸಿ ನೋಡುತ್ತಾನೆ, ಹೋಗಿ ಸೀಟಿನ ಮೇಲೆ ಕೂರುತ್ತಾನೆ, ಮತ್ತೆ ಇಳಿದು ಬರುತ್ತಾನೆ. ಉಗಾರದ ಕಾರ್ಖಾನೆಗೆ ಕಬ್ಬು ಸಾಗಿಸುವ ಹುಡುಗರು ಅವನಿಗೆ ‘ತಪಾಸಣಿ ಭರಮು’ ಎಂದು ಹೆಸರಿಟ್ಟಿದ್ದರು. ಇಷ್ಟು ವರ್ಷ ಕಬ್ಬು ಹೊತ್ತರೂ ಅವನ ಟ್ರೇಲರ್ ಒಮ್ಮೆಯೂ ಉರುಳಿರಲಿಲ್ಲ. ಅದನ್ನು ಮಾತ್ರ ಯಾರೂ ಆಡಿ ತೋರಿಸಲಿಲ್ಲ, ಹೊಗಳುವುದಕ್ಕೆ ಊರವರ ನಾಲಿಗೆ ಅಷ್ಟು ಉದ್ದ ಬರುವುದಿಲ್ಲ.

ಗಂಡ ಸತ್ತ ಅಕ್ಕುತಾಯಿಯನ್ನು ಅವನು ಉಡಿಕಿಯ ಮರುಮದುವೆ ಮಾಡಿಕೊಂಡು ಮನೆಗೆ ಕರೆತಂದಾಗ ಅವಳ ಸೆರಗು ಹಿಡಿದುಕೊಂಡು ಮಗಳು ಸುಗಂಧಾ ಬಂದಳು. ಅಲ್ಲಿಂದ ಭರಮುವಿನ ಅಂಜಿಕೆ ಇಮ್ಮಡಿಯಾಯಿತು. ಅಲ್ಲಿಯವರೆಗೆ ಪಿನ್ನು, ನಟ್ಟು, ಬೋಲ್ಟಿಗೆ ಅಂಜುತ್ತಿದ್ದವನಿಗೆ ಈಗ ಅಂಜಲು ಒಂದು ಜೀವವೇ ಸಿಕ್ಕಿತು. ಶಾಲೆಯ ಹಿಂದಿನ ಬಾವಿಗೆ ಕಟ್ಟೆ ಇದೆಯೋ ಇಲ್ಲವೋ ಎಂದು ನೋಡಿಬಂದ. ಇದ್ದರೂ ಅದು ಗಿಡ್ಡವಾಯಿತು ಎಂದು ಹೆಡ್‌ಮಾಸ್ತರರ ಹತ್ತಿರ ದೂರಿಕೊಂಡ. ಒಂದು ಮೋಡ ಕಂಡರೆ ಸಾಕು, ಗದ್ದೆಯಿಂದ ಹಾಗೇ ಎದ್ದು ಛತ್ರಿ ಹಿಡಿದು ಶಾಲೆಯ ಬಾಗಿಲಲ್ಲಿ ನಿಲ್ಲುತ್ತಿದ್ದ. ಮಳೆ ಬರುತ್ತಿರಲಿಲ್ಲ, ಮಕ್ಕಳ ನಗು ಬರುತ್ತಿತ್ತು.

ಸುಗಂಧಾ ಅವನನ್ನು ಕಾಕಾ ಎಂದು ಕರೆಯುತ್ತಿದ್ದಳು. ಒಳ್ಳೆಯ ಹುಡುಗಿ, ಮಾತಿನಲ್ಲಿ ಚುರುಕು. ಆದರೆ ಐದನೆಯ ಇಯತ್ತೆಯ ಹುಡುಗಿಗೆ ತನ್ನದೂ ಒಂದು ಮಾನ ಇರುತ್ತದಲ್ಲ. ಗೆಳತಿಯರ ಮುಂದೆ ಛತ್ರಿಯ ಕಾಕಾ ಬಂದು ನಿಂತಾಗೆಲ್ಲ ಅವಳು ನೆಲ ನೋಡುತ್ತ ನಿಲ್ಲುತ್ತಿದ್ದಳು. ಅದು ಭರಮುವಿಗೆ ತಿಳಿಯುತ್ತಿತ್ತು. ತಿಳಿದು ಸಂಕಟಪಡುತ್ತಿದ್ದ, ಆದರೂ ಮುಂದಿನ ಮೋಡಕ್ಕೆ ಮತ್ತೆ ಛತ್ರಿ ಹುಡುಕುತ್ತಿದ್ದ. ಇಂಥವರಿಗೆ ಏನು ಹೇಳುವುದು?

ತೊಂಬತ್ತೆರಡನೆಯ ಇಸವಿಯ ಜನವರಿಯಲ್ಲಿ ಶಾಲೆಯ ವಾರ್ಷಿಕ ಹಬ್ಬ, ಗ್ಯಾದರಿಂಗ್, ಬಂತು. ಪ್ರತಿ ವರ್ಷ ಕುಡಚಿಯ ಪೆಂಡಾಲಿನವರು ಬಂದು ಸ್ಟೇಜು ಕಟ್ಟಿಕೊಡುತ್ತಿದ್ದರು. ಆ ಸಲ ಅವರು ರಾಯಬಾಗದ ಕಡೆ ಯಾವುದೋ ದೊಡ್ಡ ಲಗ್ನ ಹಿಡಿದು ಕೈಯೆತ್ತಿಬಿಟ್ಟರು. ಹೆಡ್‌ಮಾಸ್ತರ ಬಾಬಾಸಾಹೇಬರು ತಲೆ ಹಿಡಿದು ಕೂತಾಗ ಶಾಲಾ ಕಮಿಟಿಯ ಚೇರಮನ್ ಭೀಮಗೊಂಡ ಪಾಟೀಲರು ದಾರಿ ತೋರಿಸಿದರು. ಅವರ ಮನೆಯ ಎರಡು ಕಬ್ಬಿನ ಟ್ರೇಲರುಗಳನ್ನು ಒಂದಕ್ಕೊಂದು ಹಚ್ಚಿ ನಿಲ್ಲಿಸುವುದು, ಮೇಲೆ ಹಲಿಗೆ ಹೊಡೆಯುವುದು, ಹುಡುಗರ ಅಪ್ಪಂದಿರೆಲ್ಲ ಬಂದು ಕೈ ಹಚ್ಚುವುದು.

“ನಿಮ್ಮ ನಿಮ್ಮ ಅಪ್ಪಗೋಳಿಗೆ ಬರಾಕ ಹೇಳ್ರಿ” ಎಂದು ಮಾಸ್ತರರು ಪ್ರಾರ್ಥನೆಯ ಹೊತ್ತಿನಲ್ಲಿ ಸಾರಿದರು. ಸುಗಂಧಾ ಮನೆಗೆ ಬಂದು ಅದನ್ನು ಅವ್ವನಿಗೆ ಹೇಳಿದಳು. ಭರಮು ಹೊರಗೆ ಕಾಲು ತೊಳೆಯುತ್ತ ಕೇಳಿಸಿಕೊಂಡ. ಕರೆದದ್ದು ಅಪ್ಪಂದಿರನ್ನು. ತಾನು ಅದರಲ್ಲಿ ಬರುತ್ತೇನೋ ಇಲ್ಲವೋ, ಬಂದರೆ ಹುಡುಗಿಗೆ ಬೇಜಾರಾಗುತ್ತದೋ ಏನೋ ಎಂದು ಅಲ್ಲೇ ಚಿಂತೆ ಶುರು ಮಾಡಿಕೊಂಡ.

“ಟ್ರೇಲಿ ಹೊಡಿಯಾವ್ರು ನೀವು. ನೀವಿಲ್ದ ಸ್ಟೇಜ್ ಹೆಂಗ ಆಕ್ಕೈತಿ?” ಎಂದಳು ಅಕ್ಕುತಾಯಿ.

ಸುಗಂಧಾ ರೊಟ್ಟಿ ಮುರಿಯುತ್ತ ಕೂತಿದ್ದವಳು ತಲೆಯೆತ್ತಿದಳು. “ಬರವಲ್ನ್ಯಾಕ, ಬರ್ಲಿ. ಆದ್ರ ಒಂದ ಮಾತ. ಕೆಲಸ ಮುಗಿದ ಮ್ಯಾಲ ಕಾಕಾ ಸುಮ್ನ ಕುಂದ್ರಬೇಕು. ಸಾಲಿ ಬಾಯಾರ್ನ ಏನೂ ಕೇಳಬಾರ್ದು. ನಾ ಕುಣಿಯೂಮುಂದ ಎದ್ದ ನಿಂದ್ರಬಾರ್ದು.”

“ಇಲ್ಲವ್ವಾ. ಯಾಕ ಏಳ್ಲಿ?”

“ಆಣಿ ಮಾಡ.”

“ನಿನ್ನಾಣಿ.”

“ನನ್ನಾಣಿ ಬ್ಯಾಡ. ಆಮ್ಯಾಲ ಅದಕ್ಕೂ ಅಂಜಕೋಂತ ಕುಂದರ್ತಿ. ಟ್ರ್ಯಾಕ್ಟರ ಆಣಿ ಮಾಡ.”

ಭರಮು ಟ್ರ್ಯಾಕ್ಟರಿನ ಆಣೆ ಮಾಡಿದ. ಮೂವರೂ ನಕ್ಕರು. ಅವಳ ಕುಣಿತವನ್ನು ಅವನು ಇನ್ನೂ ನೋಡಿರಲಿಲ್ಲ. ಅವನು ಮನೆಯಲ್ಲಿ ಇಲ್ಲದ ಹೊತ್ತು ನೋಡಿ ಅವಳು ಹೆಜ್ಜೆ ಕಲಿಯುತ್ತಿದ್ದಳು, ಕೇಳಿದರೆ ಸ್ಟೇಜಿನ ಮೇಲೆಯೇ ನೋಡಬೇಕು ಅನ್ನುತ್ತಿದ್ದಳು. ಅದನ್ನು ಕಣ್ಣು ತುಂಬ ನೋಡಬೇಕೆಂಬುದು ಅವನಿಗೆ ದೊಡ್ಡ ಆಸೆಯಾಗಿತ್ತು.

ಮರುದಿನವೇ ಗ್ಯಾದರಿಂಗ್. ಬೆಳಿಗ್ಗೆ ಶಾಲೆಯ ಅಂಗಳದಲ್ಲಿ ಅಪ್ಪಂದಿರು ಸೇರಿದರು. ಯಾರಿಗೂ ಯಾರ ಮಾತೂ ಕೇಳದಷ್ಟು ಗದ್ದಲ. ಹೊಲದಲ್ಲಿ ಆಳಿಗೆ ಕೆಲಸ ಹೇಳುವವರು, ಆಳಾಗಿ ಕೆಲಸ ಮಾಡುವವರು ಎಲ್ಲರೂ ಅಲ್ಲಿದ್ದರು, ಆದ್ದರಿಂದ ಹೇಳುವವರು ಹೆಚ್ಚಾಗಿ ಮಾಡುವವರು ಕಡಿಮೆಯಾದರು. ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಸತ್ತೆಪ್ಪ ಅಂದು ರಜೆ ಹಾಕಿ ಬಂದು ಹಲಿಗೆ ಹೊಡೆಯುತ್ತಿದ್ದ. ಅವನ ಮಗಳೂ ಸುಗಂಧಾಳ ಜೊತೆ ಕುಣಿಯುವವಳು. ಪಾಟೀಲರ ಟ್ರ್ಯಾಕ್ಟರ್ ಹೊಡೆಯುವವನು ಭರಮು, ಹಾಗಾಗಿ ಟ್ರೇಲರುಗಳನ್ನು ತಂದು ನಿಲ್ಲಿಸುವ ಕೆಲಸ ಅವನದು.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಕಡೆಯ ಕಬ್ಬಿನ ಟ್ರೇಲರಿಗೆ ಎರಡೇ ಗಾಲಿ, ಅವೂ ನಡುವಿಗೆ. ಮುಂದಿನ ಮೂತಿ ಟ್ರ್ಯಾಕ್ಟರಿನ ಮೇಲೆ ಕೂತಿರುವ ತನಕ ಎಲ್ಲ ಸರಿ. ಟ್ರ್ಯಾಕ್ಟರ್ ಬಿಚ್ಚಿಕೊಂಡು ಹೋಯಿತೆಂದರೆ ಟ್ರೇಲರ್ ಭಾರ ಇದ್ದ ಕಡೆಗೆ ವಾಲುತ್ತದೆ. ಅದಕ್ಕೇ ಬಿಚ್ಚುವ ಮೊದಲು ಮೂತಿಯ ಕೆಳಗೆ ಜಾಲಿ ಮರದ ದಿಮ್ಮಿಯೊಂದನ್ನು ಆಸರೆಯಾಗಿ ನಿಲ್ಲಿಸುತ್ತಾರೆ. ಅದನ್ನು ಟೇಕು ಅನ್ನುತ್ತಾರೆ. ದಿನಾ ಮಾಡುವ ಕೆಲಸ ಅದು, ಡ್ರೈವರನ ಕೈ ನಿದ್ದೆಯಲ್ಲೂ ಮಾಡೀತು.

ಆದರೆ ಸ್ಟೇಜಿಗೆ ಅಷ್ಟು ಸಾಲದು. ಮೂತಿ ಮುಂದೆ ಚಾಚಿಕೊಂಡಿದ್ದರೆ ಚಂದ ಕಾಣುವುದಿಲ್ಲವೆಂದು ಟ್ರೇಲರುಗಳ ಬಾಲವನ್ನು ಜನರ ಕಡೆಗೆ, ಮೂತಿಯನ್ನು ಶಾಲೆಯ ಗೋಡೆಯ ಕಡೆಗೆ ಮಾಡಿ ನಿಲ್ಲಿಸಿದ್ದರು. ಮಕ್ಕಳೆಲ್ಲ ಒಮ್ಮೆಲೇ ಸ್ಟೇಜಿನ ಮುಂದಿನ ಅಂಚಿಗೆ ಬಂದರೆ ಮೂತಿ ಮೇಲಕ್ಕೆದ್ದು ಬಾಲ ನೆಲಕ್ಕೆ ಕುಸಿಯುತ್ತದೆ. ಹಾಗಾಗಿ ಬಾಲದ ಕೆಳಗೂ ಟೇಕು ಬೇಕು. ಇದನ್ನು ಎಲ್ಲರಿಗಿಂತ ಮೊದಲು ಹೇಳಿದವನೂ ಭರಮುವೇ.

ಅವನು ದಿಮ್ಮಿಗಳನ್ನು ಹೊತ್ತು ತಂದು ಹಾಕುವ ಹೊತ್ತಿಗೆ ಪಾಟೀಲರ ಮನೆಯ ಆಳು ಓಡಿಬಂದ. ಕಾರ್ಖಾನೆಯಿಂದ ಕಬ್ಬು ಸಾಗಿಸುವ ಸರದಿಯ ಚೀಟಿ ಬಂದಿತ್ತು. ಕೃಷ್ಣೆಯ ದಂಡೆಯ ಹೊಲದಲ್ಲಿ ಬೇರೆ ಟ್ರೇಲರ್ ತುಂಬಿ ನಿಂತಿತ್ತು.

“ಭರಮ್ಯಾ, ಲಗೂನ ಬಿಚ್ಚಪಾ. ಇಂದಿನ ನಂಬರ್ ತಪ್ಪಿದ್ರ ಇನ್ನ ನಾಲ್ಕ ದಿನಾ ಕಬ್ಬ ಒಣಗತೈತಿ” ಎಂದರು ಭೀಮಗೊಂಡ ಪಾಟೀಲರು.

ಭರಮು ಗಡಿಬಿಡಿಯಲ್ಲಿ ಟೇಕು ಕೊಟ್ಟ, ಅದರ ಬುಡಕ್ಕೆ ಕಲ್ಲು ಬಡಿದ, ಟ್ರ್ಯಾಕ್ಟರ್ ಬಿಚ್ಚಿಕೊಂಡು ಹೋದ. ಇನ್ನೊಮ್ಮೆ ಇಳಿದು ಬಂದು ನೋಡಬೇಕೆಂದು ಜೀವ ಎಳೆಯಿತು. ಪಾಟೀಲರು ಕೈ ಬೀಸುತ್ತಲೇ ಇದ್ದರು. ಜನ್ಮದಲ್ಲಿ ಮೊದಲ ಸಲ ಅವನು ತಿರುಗಿ ನೋಡದೆ ಹೋದ.

ಉಗಾರದಲ್ಲಿ ಟ್ರ್ಯಾಕ್ಟರುಗಳ ಸಾಲು ರಸ್ತೆಯ ತನಕ ಬಂದಿತ್ತು. ಬಾಳಾಸಾಬ ಎಂಬ ಗೆಳೆಯ ಡ್ರೈವರನಿಗೆ ತನ್ನ ಗಾಡಿ ನೋಡಿಕೊಳ್ಳಲು ಹೇಳಿ, ಅವನದೇ ಸೈಕಲ್ ಇಸಿದುಕೊಂಡು ಭರಮು ಊರಿಗೆ ತುಳಿದ. ಶಾಲೆ ಮುಟ್ಟುವಾಗ ಬಿಸಿಲು ಇಳಿದಿತ್ತು. ಕರೆಂಟಿನ ಭರವಸೆ ಇಲ್ಲವೆಂದು ಮಾಸ್ತರರು ಹಗಲಿನಲ್ಲೇ ಕಾರ್ಯಕ್ರಮ ಮುಗಿಸುವವರಿದ್ದರು. ಸ್ಟೇಜು ಗುರುತೇ ಸಿಗದಂತೆ ಬದಲಾಗಿತ್ತು. ಮೇಲೆ ತಾಡಪತ್ರಿ, ಬದಿಗೆ ಬಾಳೆಕಂಬ, ಮುಂದೆ ಗಾಲಿ ಕಾಣದಂತೆ ನೆಲದ ತನಕ ಬಣ್ಣ ಬಣ್ಣದ ಸೀರೆಗಳನ್ನು ಇಳಿಬಿಟ್ಟಿದ್ದರು. ಅಕ್ಕುತಾಯಿ ಹಿಂದಿನ ಸಾಲಿನ ತುದಿಯಲ್ಲಿ ಅವನಿಗೆ ಜಾಗ ಹಿಡಿದಿದ್ದಳು. ಒಂದು ಕಡೆ ಅವಳು, ಇನ್ನೊಂದು ಕಡೆ ಸತ್ತೆಪ್ಪ. ಭರಮು ಮುಖ ಒರೆಸಿಕೊಂಡು, ಆಣೆ ನೆನಪು ಮಾಡಿಕೊಂಡು, ಕೈಕಟ್ಟಿ ಕೂತ.

ಮಾಸ್ತರರ ಭಾಷಣ ಮುಗಿಯಿತು. ಸಣ್ಣ ಹುಡುಗನೊಬ್ಬ ಪದ್ಯ ಹೇಳಲು ಮೈಕಿನ ಕಡೆ ಹೆಜ್ಜೆ ಇಟ್ಟಾಗ ಹಲಿಗೆಯೊಂದು ಕಿರ್ ಎಂದಿತು. ಅಷ್ಟೇ. ಭರಮು ಕಟ್ಟಿದ್ದ ಕೈ ಬಿಚ್ಚಿ ಮುಂದಕ್ಕೆ ಬಾಗಿದ.

ಬಾಲದ ಕೆಳಗೆ ಟೇಕು ಕೊಟ್ಟೆನೆ?

ಕೊಟ್ಟ ನೆನಪು ಚೆನ್ನಾಗಿಯೇ ಇತ್ತು. ದಿಮ್ಮಿ ಹೊತ್ತದ್ದು, ಮೊಣಕಾಲೂರಿ ತಳ್ಳಿದ್ದು, ಸುತ್ತಿಗೆಯಿಂದ ಕಲ್ಲು ಬಡಿದದ್ದು ಎಲ್ಲ ಕಣ್ಣ ಮುಂದೆ ಬಂತು. ಆದರೆ ಅದರ ಜೊತೆಗೆ ಟ್ರೇಲರಿನ ಮೂತಿಯೂ ಕಣ್ಣ ಮುಂದೆ ಬಂತು. ಮೂತಿಗೆ ಕೊಟ್ಟದ್ದು ಇವತ್ತೋ, ನಿನ್ನೆಯೋ, ಹೋದ ವರ್ಷದ್ದೋ? ಸಾವಿರ ಸಲ ಮಾಡಿದ ಕೆಲಸ ಒಂದೇ ಸಲದ್ದಾಗಿ ನೆನಪಿಗೆ ಬರುತ್ತದೆ. ಗಡಿಬಿಡಿಯಲ್ಲಿ ಕೈ ತನ್ನ ರೂಢಿಯ ಪ್ರಕಾರ ಮೂತಿಗೆ ಮಾತ್ರ ದಿಮ್ಮಿ ಕೊಟ್ಟು, ಉಳಿದದ್ದನ್ನು ಅಲ್ಲೇ ಬಿಟ್ಟು ಬಂದಿದ್ದರೆ?

“ಸತ್ತೆಪ್ಪಾ, ಈ ಕಡೀ ಟೇಕು ಯಾರ ಕೊಟ್ರೋ?” ಎಂದು ಪಿಸುಗುಟ್ಟಿದ.

“ನೀನ ಕೊಟ್ಟಿ ಅಲ್ಲ?”

“ಕೊಟ್ಟದ್ದ ನೀ ನೋಡಿಯೇನ?”

“ನೀ ಕೊಟ್ಟಮ್ಯಾಲ ನಾ ಯಾಕ ನೋಡ್ಲಿ? ತಪಾಸಣಿ ಮಾಡಾವ ನೀನು. ನಮಗೇನ ಬ್ಯಾರೆ ಕೆಲಸ ಇಲ್ಲನ?” ಸತ್ತೆಪ್ಪ ನಕ್ಕು ಮತ್ತೆ ಸ್ಟೇಜು ನೋಡತೊಡಗಿದ.

ಭರಮು ಬೆವತ. ಎಲ್ಲರೂ ತನ್ನ ಮೇಲೆ ಭಾರ ಹಾಕಿ ನಿಶ್ಚಿಂತೆಯಿಂದ ಕೂತಿದ್ದಾರೆ. ತಾನು ನೋಡಿರುತ್ತೇನೆಂದು ಯಾರೂ ನೋಡಿಲ್ಲ. ತಾನೂ ನೋಡಿಲ್ಲ. ಸ್ಟೇಜಿನ ಸೀರೆಯ ಅಂಚಿಗೆ ಕಣ್ಣು ನೆಟ್ಟ. ಗಾಳಿಗೆ ಒಂದಿಷ್ಟು ಸರಿದರೆ ಒಳಗೆ ಕಂಡೀತು. ಹಾಳಾದ ಗಾಳಿ ಅಂದು ಮಿಸುಕಲಿಲ್ಲ. ಹೋಗಿ ಎತ್ತಿ ನೋಡೋಣವೆಂದರೆ ಸ್ಟೇಜಿಗೆ ತಾಗಿಯೇ ಒಂದನೆಯ, ಎರಡನೆಯ ಇಯತ್ತೆಯ ಕೂಸುಗಳು ಗಿಜಿಗಿಜಿ ಕೂತಿದ್ದವು. ಅವರ ಹಿಂದೆ ಕುರ್ಚಿಗಳಲ್ಲಿ ಪಾಟೀಲರು, ಚಿಕ್ಕೋಡಿಯಿಂದ ಬಂದ ಶಾಲಾ ಇನ್ಸ್‌ಪೆಕ್ಟರ್ ಸಾಹೇಬರು. ಅವರೆಲ್ಲರನ್ನು ದಾಟಿಕೊಂಡು ಹೋಗಿ ಸೀರೆ ಎತ್ತಿದರೆ ಇಡೀ ಊರು ನೋಡುತ್ತದೆ. ಮುಖ್ಯವಾಗಿ ಒಬ್ಬಳು ನೋಡುತ್ತಾಳೆ.

“ಯಾಕ, ಆರಾಮ ಇಲ್ಲೇನ್ರಿ?” ಎಂದಳು ಅಕ್ಕುತಾಯಿ.

“ಏನಿಲ್ಲ. ನೀರ ಕುಡದ ಬರ್ತೇನಿ” ಎಂದು ಎದ್ದ.

ಶಾಲೆಯನ್ನು ಸುತ್ತಿ ಹಿಂದಿನಿಂದ ಹೋದ. ಅಲ್ಲಿಂದ ನುಸುಳಿ ಕೆಳಗೆ ನೋಡಿಬಿಟ್ಟರೆ ಮುಗಿಯಿತು, ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಸ್ಟೇಜಿನ ಹಿಂಬದಿಗೆ ಕಂಬಳಿ ಕಟ್ಟಿ ಹುಡುಗಿಯರು ಸೀರೆ ಉಡುವ ಜಾಗ ಮಾಡಿದ್ದರು. ಅಂಚಿನಲ್ಲಿ ಒಂದು ಮೂತಿ ಹೊರಗೆ ಚಾಚಿತ್ತು, ಅದರ ಕೆಳಗೆ ದಿಮ್ಮಿ ಗಟ್ಟಿಯಾಗಿ ನಿಂತಿತ್ತು. ಅದನ್ನು ಕಂಡು ಅವನಿಗೆ ಸಮಾಧಾನವಾಗುವ ಬದಲು ಅಂಜಿಕೆ ಹೆಚ್ಚಿತು. ತನ್ನ ನೆನಪಿನಲ್ಲಿದ್ದ ದಿಮ್ಮಿ ಇದೇ ಇರಬೇಕು. ಹಾಗಾದರೆ ಬಾಲದ ಕೆಳಗಿನದು?

“ಏ, ಯಾರದು? ಗಂಡಸರು ಇತ್ತ ಬರಬಾರ್ದು!” ಶಾಲೆಯ ಟೀಚರು ಗೌರಾಬಾಯಿ ಬಾಯಾರು ಕಂಬಳಿಯ ಆಚೆಯಿಂದ ಗದರಿದರು.

“ಬಾಯಾರ್ರ, ನಾ ಭರಮು. ಒಂದೀಟ ಕೆಳಗ ನೋಡೂದಿತ್ರಿ…”

“ಹುಡುಗ್ಯಾರ ಸೀರಿ ಉಡಾಕತ್ತಾರ, ನಿಮಗೇನ ತಿಳಿಯೂದಿಲ್ಲೇನ? ಹೋಗ್ರಿ ಮೊದಲ.”

ಕಂಬಳಿಯ ಮೇಲಿನಿಂದ ಒಂದು ಮುಖ ಇಣುಕಿತು. ಹಣೆಗೆ ದೊಡ್ಡ ಕುಂಕುಮ, ಮುಡಿ ತುಂಬ ಹೂವು. ಸುಗಂಧಾ. ಅವನನ್ನು ನೋಡಿದಳು ಅಷ್ಟೇ. ಹಿಂದಿನಿಂದ ಯಾರೋ ಹುಡುಗಿ ಕಿಸಕ್ಕೆಂದಳು. ಭರಮು ತಪ್ಪು ಮಾಡಿದವನ ಹಾಗೆ ತಿರುಗಿ ಬಂದು ತನ್ನ ಜಾಗದಲ್ಲಿ ಕೂತ.

ಕೂತವನು ತನಗೆ ತಾನೇ ಬುದ್ಧಿ ಹೇಳಿಕೊಂಡ. ಇಷ್ಟು ಹೊತ್ತು ಮಕ್ಕಳು ಹತ್ತಿ ಇಳಿದರು, ಏನಾಯಿತು? ಏನೂ ಆಗಲಿಲ್ಲ. ನೀನು ಯಾವತ್ತಾದರೂ ಟೇಕು ಮರೆತಿದ್ದೀಯಾ? ಇಲ್ಲ. ಇದು ನಿನ್ನ ಹುಟ್ಟುಗುಣ, ಇವತ್ತೊಂದು ದಿನ ಸುಮ್ಮನಿದ್ದು ಆ ಹುಡುಗಿಯ ಮಾನ ಉಳಿಸು. ಬುದ್ಧಿಯ ಮಾತು ಸರಿಯಾಗಿಯೇ ಇತ್ತು. ಆದರೆ ಅಂಜಿಕೆಗೂ ತನ್ನದೇ ಲೆಕ್ಕ ಇತ್ತು. ಇಷ್ಟು ಹೊತ್ತು ಒಬ್ಬಿಬ್ಬರು ಬಂದು ನಡುವೆ ಮೈಕಿನ ಹತ್ತಿರ ನಿಂತು ಹೋದರು. ಈಗ ಬರುವುದು ಕುಣಿತ, ಹುಡುಗಿಯರ ಗುಂಪು.

ಪೇಟಿ ಮಾಸ್ತರರು ಹಾರ್ಮೋನಿಯಂ ಮೇಲೆ ಸ್ವರ ಹಿಡಿದರು. ಹಸಿರು ಸೀರೆಯ ಕಚ್ಚೆ ಹಾಕಿದ ಹುಡುಗಿಯರು ರಟ್ಟಿನ ಕೊಯ್ತದ ಕತ್ತಿ ಹಿಡಿದು ಸಾಲಾಗಿ ಬಂದರು. ಕಬ್ಬಿನ ಕೊಯ್ಲಿನ ಕುಣಿತ. ಎಲ್ಲರಿಗಿಂತ ಮುಂದೆ ಸುಗಂಧಾ. ಬಗ್ಗಿ ಕಡಿಯುವುದು, ಸಿಪ್ಪೆ ಸುಲಿಯುವುದು, ತಿರುಗಿ ಹಿಂದಕ್ಕೆ ಎಸೆಯುವುದು. ಒಂದು ಕ್ಷಣ ಭರಮು ಎಲ್ಲ ಮರೆತ. ಆ ಹುಡುಗಿಯ ಕಾಲಲ್ಲಿ ಏನು ಬಿಗುವು, ಕುತ್ತಿಗೆಯಲ್ಲಿ ಏನು ಠೀವಿ! ಮನೆಯಲ್ಲಿ ರೊಟ್ಟಿ ಮುರಿದುಕೊಂಡು ಕೂರುವ ಹುಡುಗಿ ಇವಳೇನಾ? ಎದೆ ತುಂಬಿ ಬಂತು. ಅಕ್ಕುತಾಯಿ ಸೆರಗಿನಿಂದ ಕಣ್ಣು ಒತ್ತಿಕೊಳ್ಳುತ್ತಿದ್ದಳು.

ಆಮೇಲೆ ಹುಡುಗಿಯರು ಹೊರೆ ಕಟ್ಟಿದಂತೆ ಮಾಡಿ, ತಲೆಯ ಮೇಲೆ ಹೊತ್ತಂತೆ ಮಾಡಿ, ಒಬ್ಬರ ಪಕ್ಕ ಒಬ್ಬರು ನಿಂತರು. ಒಂದೇ ಸಾಲು. ಕಾಲು ಬಡಿಯುತ್ತ ಆ ಸಾಲು ಮುಂದಕ್ಕೆ ಬರತೊಡಗಿತು. ಜನರ ಕಡೆಗೆ, ಸ್ಟೇಜಿನ ಅಂಚಿಗೆ. ಹಲಿಗೆಗಳು ಕಿರುಗುಟ್ಟಿದವು. ಸಾಲು ಇನ್ನೊಂದು ಹೆಜ್ಜೆ ಮುಂದೆ ಬಂತು. ಅಂಚಿನ ಕೆಳಗೆ ಕೂಸುಗಳು ಬಾಯಿ ತೆರೆದು ಮೇಲೆ ನೋಡುತ್ತ ಕೂತಿದ್ದವು. ಸ್ಟೇಜಿನ ಅಂಚು ಒಂದಿಷ್ಟು ತಗ್ಗಿದಂತೆ ಭರಮುವಿಗೆ ಕಂಡಿತು.

ಅವನು ಎದ್ದ. ಅಕ್ಕುತಾಯಿ ಅಂಗಿ ಹಿಡಿದು ಜಗ್ಗಿದಳು, ಬಿಡಿಸಿಕೊಂಡ. ಯಾರದೋ ಕಾಲು ತುಳಿದ, ಯಾರದೋ ಕುರ್ಚಿ ಕೆಡವಿದ, ಇನ್ಸ್‌ಪೆಕ್ಟರ್ ಸಾಹೇಬರ ಮುಂದಿನಿಂದಲೇ ಓಡಿದ.

“ನಿಂದರ್ರಿ! ಹಿಂದ ಸರೀರಿ! ಎಲ್ಲಾರೂ ಹಿಂದ ಸರೀರಿ!”

ಪೇಟಿ ನಿಂತಿತು. ಹುಡುಗಿಯರು ಹೆಜ್ಜೆ ತಪ್ಪಿ ಒಬ್ಬರ ಮೇಲೊಬ್ಬರು ಬಿದ್ದು ಹಿಂದಕ್ಕೆ ಸರಿದರು. ಕೂಸುಗಳು ಹೆದರಿ ಅಳತೊಡಗಿದವು. ಭರಮು ಮೊಣಕಾಲೂರಿ ಸೀರೆಯನ್ನು ಎತ್ತಿದ.

ಟೇಕು ಇತ್ತು. ಎರಡೂ ಟ್ರೇಲರುಗಳ ಬಾಲಕ್ಕೆ ಒಂದೊಂದು, ಬುಡಕ್ಕೆ ಕಲ್ಲು ಬಡಿದು, ಬಡಿದ ಸುತ್ತಿಗೆಯ ಗುರುತಿನ ಸಮೇತ. ಎಲ್ಲಿ ಇರಬೇಕೋ ಅಲ್ಲೇ, ಹೇಗೆ ಇರಬೇಕೋ ಹಾಗೇ. ಅವನೇ ಕೊಟ್ಟಿದ್ದ.

“ಏನ ಆತೋ?” ಭೀಮಗೊಂಡ ಪಾಟೀಲರು ಎದ್ದು ನಿಂತಿದ್ದರು.

“ಟೇಕು ಕೊಟ್ಟೇನಿಲ್ಲೋ ಅಂತ…” ಭರಮು ಸೀರೆಯ ಅಂಚು ಕೆಳಗೆ ಬಿಟ್ಟ. “ಐತ್ರಿ. ಟೇಕು ಐತ್ರಿ.”

ಹಿಂದಿನಿಂದ ಯಾರೋ “ತಪಾಸಣಿ ಆತಪಾ!” ಎಂದು ಕೂಗಿದರು. ಅಂಗಳಕ್ಕೆ ಅಂಗಳವೇ ನಕ್ಕಿತು. ಹೆಡ್‌ಮಾಸ್ತರ ಬಾಬಾಸಾಹೇಬರು ಮಾತ್ರ ನಗಲಿಲ್ಲ. ವರ್ಷಕ್ಕೊಮ್ಮೆ ಸಾಹೇಬರು ಬರುವುದು, ಅಂಥ ದಿನವೇ ಹೀಗಾದರೆ ಅವರಾದರೂ ಏನು ಮಾಡಿಯಾರು? “ಭರಮು, ಇದೇನ ಹುಡುಗಾಟಗಿ? ಅರ್ಧ ಕುಣಿತ ಕೆಡಿಸಿದ್ರೆಲ್ಲ. ಆ ಹುಡುಗ್ಯಾರ ತಿಂಗಳಗಟ್ಟಲೆ ಕಲತಾರ” ಎಂದರು. ಕುರ್ಚಿಯ ಹತ್ತಿರ ಯಾರೋ, “ಸ್ವಂತ ಮಗಳ ಇದ್ದಿದ್ರ ಹಿಂಗ ಮಾಡ್ತಿದ್ನೇನ?” ಎಂದರು. ಅದು ಮೆಲ್ಲಗೇ ಬಂದ ಮಾತು, ಆದರೆ ಭರಮುವಿಗೆ ಬಿಸಿ ತಾಗಿದಂತೆ ತಾಗಿತು. ತಲೆಯೆತ್ತಿ ಸ್ಟೇಜು ನೋಡಿದ. ಸುಗಂಧಾ ಅಲ್ಲಿರಲಿಲ್ಲ, ಕಂಬಳಿಯ ಹಿಂದೆ ಓಡಿದ್ದಳು.

ಅವನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಒಂದು ಮಾತು, ಒಂದೇ ಮಾತು ಕೇಳಿದ್ದಳು ಆ ಹುಡುಗಿ.

ಕುಣಿತವನ್ನು ಮೊದಲಿನಿಂದ ಮಾಡಿಸುವುದೆಂದು ಗೌರಾಬಾಯಿ ಬಾಯಾರು ಹೇಳಿದರು. ಪೇಟಿ ಮಾಸ್ತರರು ಮತ್ತೆ ಸ್ವರ ಹಿಡಿಯಬೇಕು ಅನ್ನುವಾಗ ಸತ್ತೆಪ್ಪ ಮುಂದೆ ಬಂದ. “ತಡೀರಿ, ಬಂದದ್ದಕ್ಕ ನಾನೂ ಒಂದ ಸರ್ತಿ ನೋಡ್ತೇನಿ” ಎಂದು ನಗುತ್ತಲೇ ಬಗ್ಗಿ ಸೀರೆಯೊಳಗೆ ತಲೆ ಹಾಕಿದ. ದಿಮ್ಮಿಗೆ ಕಾಲಿನಿಂದ ಒದ್ದ. ತಲೆ ಹೊರಗೆ ಬಂದಾಗ ಮುಖದಲ್ಲಿ ನಗು ಇರಲಿಲ್ಲ, ಅವನ ಮಗಳು ಮೇಲೆ ನಿಂತಿದ್ದಳು. ಅವನ ಹಿಂದೆ ಇನ್ನೊಬ್ಬ ಅಪ್ಪ ಬಂದ. ಆಮೇಲೆ ಮತ್ತೊಬ್ಬ. ‘ತಪಾಸಣಿ ಆತಪಾ’ ಎಂದು ಕೂಗಿದವನೂ ಬಂದ. ಎಲ್ಲರೂ ಏನೋ ಚೇಷ್ಟೆಯ ಮಾತು ಆಡುತ್ತಲೇ ಬಗ್ಗಿದರು, ಆದರೆ ಬಗ್ಗದೆ ಯಾರೂ ಹೋಗಲಿಲ್ಲ. ಕಡೆಗೆ ಭೀಮಗೊಂಡ ಪಾಟೀಲರೂ ಕುರ್ಚಿಯಿಂದ ಎದ್ದರು. ಅವರ ಮೊಮ್ಮಗಳೂ ಆ ಸಾಲಿನಲ್ಲಿದ್ದಳು. ಧೋತರದ ಚುಂಗು ಎತ್ತಿ ಹಿಡಿದು, ಉಸ್ಸೆಂದು ಬಗ್ಗಿ, ಎರಡೂ ದಿಮ್ಮಿಗಳನ್ನು ಕೈಯಿಂದ ಅಲುಗಾಡಿಸಿ ನೋಡಿದರು. ಆ ಹೊತ್ತಿಗೆ ನಗುವವರು ಯಾರೂ ಉಳಿದಿರಲಿಲ್ಲ.

ಇದನ್ನೆಲ್ಲ ಸುಗಂಧಾ ಕಂಬಳಿಯ ಸಂದಿಯಿಂದ ನೋಡುತ್ತಿದ್ದಳೆಂದು ಭರಮುವಿಗೆ ಗೊತ್ತಿರಲಿಲ್ಲ. ಅವನು ಬಾಳೆಕಂಬದ ಹತ್ತಿರ ಒಬ್ಬನೇ ನಿಂತಿದ್ದ. ಅವಳು ಪಕ್ಕದ ಮೆಟ್ಟಿಲಿಳಿದು ನೇರ ಅವನ ಮುಂದೆ ಬಂದು ನಿಂತಳು. ಅತ್ತು ಕಾಡಿಗೆ ಇಳಿದಿತ್ತು. ಸಿಟ್ಟು ಹಾಗೇ ಇತ್ತು.

“ಸುಮ್ನ ಕುಂದರ್ತೇನಿ ಅಂದಿದ್ದಿ.”

“ಹೌದವ್ವಾ.”

“ಆಣಿ ಮಾಡಿದ್ದಿ.”

“ಮಾಡಿದ್ನಿ. ನೆಪ್ಪ ಬರಲಿಲ್ಲವ್ವಾ, ಕೊಟ್ಟೇನೋ ಇಲ್ಲೋ ಅಂತ. ಎಷ್ಟ ನೆನಸಿದ್ರೂ ಬರಲಿಲ್ಲ.” ಅವನು ಸ್ಟೇಜಿನ ಕಡೆ ಕೈ ಮಾಡಿದ. “ನಿಮ್ಮೆಲ್ಲಾರ ಕಾಲು ಅಂಚಿಗೆ ಬಂದ್ವು. ನನಗ ತಡೀಲಿಲ್ಲ.”

“ಈಗ ನೋಡಿದಿಲ್ಲ? ಐತಿಲ್ಲ?”

“ಐತಿ.”

“ಮತ್ತ ಈಗ ಹೋಗಿ ಸುಮ್ನ ಕುಂದರ್ತೀ?”

ಹೂಂ ಅನ್ನಬೇಕೆಂದು ಭರಮು ಬಾಯಿ ತೆರೆದ. ಅಷ್ಟು ಅಂದುಬಿಟ್ಟರೆ ಹುಡುಗಿ ಸಮಾಧಾನದಿಂದ ಕುಣಿಯುತ್ತಾಳೆ, ಇವನಿಗೂ ಕುಣಿತ ಕಣ್ಣ ತುಂಬ ನೋಡಲು ಸಿಗುತ್ತದೆ. ಆದರೆ ಇಷ್ಟು ಜನ ಒದ್ದು, ಅಲುಗಾಡಿಸಿ ಹೋದ ಮೇಲೆ ಬುಡದ ಕಲ್ಲು ಸಡಿಲಾಗಿದ್ದರೆ ಎಂಬ ಹೊಸ ಅಂಜಿಕೆ ಆಗಲೇ ಅವನಲ್ಲಿ ಹುಟ್ಟಿಯಾಗಿತ್ತು. ಅವಳ ಮುಖ ನೋಡಿ ಸುಳ್ಳು ಹೇಳಲು ಆಗಲಿಲ್ಲ.

“ಇಲ್ಲವ್ವಾ. ಕುಂದ್ರಾಕ ಆಗೂದಿಲ್ಲ” ಎಂದ.

ಸುಗಂಧಾ ಅವನನ್ನೇ ನೋಡಿದಳು. ಬಾಯಾರು ಮೇಲಿನಿಂದ ಅವಳ ಹೆಸರು ಕೂಗಿದರು. ಅವಳು ಸ್ಟೇಜಿಗೆ ಇಳಿಬಿಟ್ಟ ಸೀರೆಯ ಅಂಚನ್ನು ತಾನೇ ಎತ್ತಿ ಹಿಡಿದಳು.

“ಹಂಗಾರ ಒಳಗ ಹೋಗಿ ಕುಂದರ. ಹೊರಗ ಕುಂತ ಎದ್ದ ಬರಬ್ಯಾಡ.”

ಇಡೀ ಊರಿನ ಕಣ್ಣ ಮುಂದೆ ಭರಮು ಬಗ್ಗಿ ಟ್ರೇಲರಿನ ಕೆಳಗೆ ಸೇರಿಕೊಂಡ. ಸೀರೆ ಇಳಿಯಿತು. ಒಳಗೆ ಮಬ್ಬುಗತ್ತಲೆ, ಹಳೆಯ ಕಬ್ಬಿನ ಹುಳಿ ವಾಸನೆ. ಅವನು ಮೊದಲು ಕಲ್ಲು ಮುಟ್ಟಿ ನೋಡಿದ. ಬಿಗಿಯಾಗಿತ್ತು. ಎರಡು ದಿಮ್ಮಿಗಳ ನಡುವೆ ಕುಕ್ಕರಗಾಲಲ್ಲಿ ಕೂತ.

ಪೇಟಿ ಶುರುವಾಯಿತು. ಮೇಲೆ ಕಾಲುಗಳು ಬಂದವು. ಯಾರ ಕಾಲು ಯಾರದೆಂದು ತಿಳಿಯಲಿಲ್ಲ. ಹಲಿಗೆಯ ಸಂದಿಯಿಂದ ಮಣ್ಣು ಉದುರಿ ಕಣ್ಣಿಗೆ ಬಿತ್ತು. ಈಗ ಬಗ್ಗಿ ಕಡಿಯುತ್ತಿದ್ದಾರೆ, ಈಗ ಸುಲಿಯುತ್ತಿದ್ದಾರೆ, ಈಗ ತಿರುಗಿದರು ಎಂದು ಸಪ್ಪಳದ ಮೇಲೆ ಊಹಿಸುತ್ತ ಹೋದ. ಹೊರಗೆ ಜನ ಚಪ್ಪಾಳೆ ತಟ್ಟಿದರು. ಏನು ಚಂದ ಮಾಡಿದಳೋ, ಅವನಿಗೆ ಕಾಣಲಿಲ್ಲ.

ಸಾಲು ಕಟ್ಟಿದರು. ಕಾಲು ಬಡಿಯುತ್ತ ಅಂಚಿಗೆ ಬರತೊಡಗಿದರು. ಹಲಿಗೆ ಕಿರುಗುಟ್ಟಿತು, ಭಾರವೆಲ್ಲ ಅವನ ತಲೆಯ ಮೇಲೆಯೇ ಇಳಿಯುವಂತೆ ಬಂತು. ಭರಮು ಎರಡೂ ಕೈಗಳಿಂದ ಎರಡು ದಿಮ್ಮಿಗಳನ್ನು ತಬ್ಬಿ ಹಿಡಿದ. ಟ್ರೇಲರ್ ಜಾರಿದರೆ ತನ್ನ ಕೈಯಿಂದ ಏನೂ ಆಗುವುದಿಲ್ಲವೆಂದು ಅವನಿಗೂ ಗೊತ್ತಿತ್ತು.

ಸಾಲು ಅಂಚಿಗೆ ಬಂದು ನಿಂತಿತು. ದಿಮ್ಮಿ ಕದಲಲಿಲ್ಲ. ಆಗ ಅವನ ನೆತ್ತಿಯ ನೇರಕ್ಕೆ ಒಂದು ಹಿಮ್ಮಡಿ ಎರಡು ಸಲ ಬಡಿಯಿತು. ತಾಳಕ್ಕೆ ಸೇರದ ಬಡಿತ ಅದು, ಬಾಗಿಲು ತಟ್ಟಿ ಕೇಳಿದ ಹಾಗೆ.

ಭರಮು ಒಂದು ಕೈ ಬಿಡಿಸಿಕೊಂಡು ಕೆಳಗಿನಿಂದ ಹಲಿಗೆಯನ್ನು ಎರಡು ಸಲ ಕುಟ್ಟಿದ. ಮೇಲಿನ ಕಾಲು ಮತ್ತೆ ತಾಳಕ್ಕೆ ಸೇರಿಕೊಂಡಿತು.